ಸತ್ತವರ ಷರತ್ತು, ಬದುಕಿದವರ ಅಗತ್ಯ: ಸಮುದಾಯ ಪ್ರತಿಷ್ಠಾನಗಳ ದತ್ತಿನಿಧಿಯ ಚರಿತ್ರೆ

ಒಂದು ಊರಿನ ಅಥವಾ ಜಿಲ್ಲೆಯ ಜನ ಬೇರೆಬೇರೆ ಕಾಲದಲ್ಲಿ, ಬೇರೆಬೇರೆ ಉದ್ದೇಶಕ್ಕೆ ಕೊಟ್ಟ ಹಣವನ್ನು ಒಂದೆಡೆ ಕೂಡಿಟ್ಟು, ಅಸಲನ್ನು ಕಾಪಾಡಿಕೊಂಡು, ಅದರ ಉತ್ಪತ್ತಿಯನ್ನು ಆ ಊರಿನ ಹಿತಕ್ಕಾಗಿ ವರ್ಷವರ್ಷವೂ ಹಂಚುವ ಸಂಸ್ಥೆಯೇ ಸಮುದಾಯ ಪ್ರತಿಷ್ಠಾನ. ಇದರ ಮೊದಲ ಮಾದರಿ 1914ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್ ನಗರದಲ್ಲಿ ರೂಪುಗೊಂಡಿತು. ದಾನದ ಮೊತ್ತವನ್ನು ಹೆಚ್ಚಿಸುವ ಆಸೆಗಿಂತ ಮಿಗಿಲಾಗಿ, ದಾನಿ ತೀರಿಕೊಂಡ ಮೇಲೆ ಅವನ ಷರತ್ತುಗಳನ್ನು ಏನು ಮಾಡಬೇಕೆಂಬ ಹಳೆಯ ತೊಡಕು ಅದರ ಹುಟ್ಟಿಗೆ ಕಾರಣವಾಯಿತು.

ಆ ತೊಡಕಿಗೆ ಪ್ರಸಿದ್ಧ ನಿದರ್ಶನ ಬೆಂಜಮಿನ್ ಫ್ರಾಂಕ್ಲಿನ್‌ನ ಉಯಿಲು. 1790ರಲ್ಲಿ ತೀರಿಕೊಂಡ ಆತ ಬಾಸ್ಟನ್ ಮತ್ತು ಫಿಲಡೆಲ್ಫಿಯ ನಗರಗಳಿಗೆ ತಲಾ 1,000 ಪೌಂಡ್ ಬಿಟ್ಟುಹೋಗಿದ್ದ. ಕಸುಬು ಕಲಿತು ಮುಗಿಸಿದ, ಮದುವೆಯಾದ, ಇಪ್ಪತ್ತೈದು ವರ್ಷ ಮೀರದ ಕುಶಲಕರ್ಮಿಗಳಿಗೆ ಅದನ್ನು ಶೇ. 5ರ ಬಡ್ಡಿಗೆ ಸಾಲ ಕೊಡಬೇಕು. ನೂರು ವರ್ಷವಾದ ಮೇಲೆ ಬೆಳೆದ ಹಣದ ದೊಡ್ಡ ಭಾಗವನ್ನು ಸಾರ್ವಜನಿಕ ಕೆಲಸಗಳಿಗೆ ಬಳಸಿ, ಮಿಕ್ಕಿದ್ದನ್ನು ಇನ್ನೊಂದು ನೂರು ವರ್ಷ ಬೆಳೆಸಬೇಕು. ಲೆಕ್ಕ ಸೊಗಸಾಗಿತ್ತು. ಆದರೆ ಕಾರ್ಖಾನೆಗಳು ಬಂದವು, ಗುರುವಿನ ಬಳಿ ವರ್ಷಗಟ್ಟಲೆ ದುಡಿದು ಕಸುಬು ಕಲಿಯುವ ಪದ್ಧತಿ ಕರಗಿತು, ಷರತ್ತಿಗೆ ಹೊಂದುವ ಸಾಲಗಾರರೇ ಅಪರೂಪವಾದರು. ಸೇಂಟ್ ಲೂಯಿಸ್‌ನ ಮೇಯರ್ ಆಗಿದ್ದ ಬ್ರಯಾನ್ ಮಲನ್‌ಫಿ 1851ರಲ್ಲಿ ತೀರಿಕೊಂಡಾಗ, ಪಶ್ಚಿಮಕ್ಕೆ ವಲಸೆ ಹೋಗುತ್ತ ಆ ಊರಿನಲ್ಲಿ ತಂಗುವ ಬಡ ಪ್ರಯಾಣಿಕರಿಗೆಂದು ತನ್ನ ಆಸ್ತಿಯ ಮೂರನೇ ಒಂದು ಪಾಲು ಬರೆದಿಟ್ಟಿದ್ದ. ರೈಲು ಬಂದಮೇಲೆ ಅಂಥ ಪ್ರಯಾಣಿಕರು ವಿರಳವಾದರು, ಹಣ ಉಳಿಯಿತು.

ದಾನವನ್ನು ಚಿರಕಾಲ ನಡೆಸುವ ಆಸೆ ಅಮೆರಿಕದ್ದಷ್ಟೇ ಅಲ್ಲ. ಕನ್ನಡ ನಾಡಿನ ಮಧ್ಯಕಾಲೀನ ಶಾಸನಗಳಲ್ಲಿ ಅಗ್ರಹಾರದ ಮಹಾಜನರ ಅಥವಾ ವರ್ತಕ ಸಂಘಗಳ ವಶಕ್ಕೆ ಗದ್ಯಾಣಗಳನ್ನು ಒಪ್ಪಿಸಿ, ಬಡ್ಡಿಯಿಂದ ನಂದಾದೀಪವನ್ನೋ ಅನ್ನದಾನವನ್ನೋ ನಡೆಸುವ ಏರ್ಪಾಡು ಸಾಮಾನ್ಯ. ಅಲ್ಲಿಯೂ ಅಸಲು ಉಳಿಯಬೇಕು, ಬಡ್ಡಿ ನಡೆಯಬೇಕು, ಊರಿನ ಒಂದು ಮಂಡಳಿ ಹೊಣೆ ಹೊರಬೇಕು. ಆದರೆ ದತ್ತಿಯನ್ನು ಕೆಡಿಸಿದವನು ಅರವತ್ತು ಸಾವಿರ ವರ್ಷ ಅಮೇಧ್ಯದ ಹುಳುವಾಗಿ ಹುಟ್ಟುತ್ತಾನೆಂಬ ಶಾಪದೊಂದಿಗೆ ಆ ಬರಹಗಳು ಮುಗಿಯುತ್ತವೆ. ದಾನಿಯ ಮಾತನ್ನು ಮುಂದಿನವರು ಬದಲಿಸಬಾರದು ಎಂಬುದು ಅಲ್ಲಿ ಪ್ರಶ್ನಾತೀತ. ಕ್ಲೀವ್‌ಲ್ಯಾಂಡಿನ ಮಾದರಿ ಇದಕ್ಕೆ ಸರಿಯಾಗಿ ತಿರುವುಮುರುವು: ಬದಲಿಸುವ ಅಧಿಕಾರವನ್ನು ದಾನಪತ್ರದೊಳಗೇ ಇಡುವುದು ಅದರ ಹೊಸತನ.

ಇಂಗ್ಲೆಂಡಿನ ಕಾನೂನು ಮಧ್ಯದ ಹಾದಿಯೊಂದನ್ನು ಮೊದಲೇ ಕಂಡುಕೊಂಡಿತ್ತು. ದಾನದ ಉದ್ದೇಶ ನೆರವೇರಿಸಲು ಸಾಧ್ಯವಿಲ್ಲದಂತಾದರೆ, ಅದಕ್ಕೆ ಆದಷ್ಟು ಹತ್ತಿರದ ಉದ್ದೇಶಕ್ಕೆ ಹಣ ತಿರುಗಿಸಲು ನ್ಯಾಯಾಲಯ ಅನುಮತಿ ಕೊಡಬಹುದು. 'ಸಿ ಪ್ರೆ' ಎಂದು ಕರೆಯುವ ಈ ತತ್ತ್ವ ಭಾರತದ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಮಿಗೂ 1976ರ ತಿದ್ದುಪಡಿಯಲ್ಲಿ ಸೇರಿತು. ಆದರೆ ಅದು ನಿಧಾನದ, ದುಬಾರಿ ಹಾದಿ. ಉದ್ದೇಶ ಕೇವಲ ಹಳತಾಗಿದೆ ಎಂದರೆ ನ್ಯಾಯಾಲಯಗಳು ಸುಲಭವಾಗಿ ಒಪ್ಪುತ್ತಿರಲಿಲ್ಲ. ಇಂಗ್ಲಿಷ್ ನ್ಯಾಯವಾದಿ ಆರ್ಥರ್ ಹಾಬ್‌ಹೌಸ್ 1880ರಲ್ಲಿ 'ದಿ ಡೆಡ್ ಹ್ಯಾಂಡ್' ಎಂಬ ಪುಸ್ತಕ ಪ್ರಕಟಿಸಿ, ಸತ್ತವರು ಬದುಕಿದವರ ಆಸ್ತಿಯನ್ನು ಆಳುವ ಈ ವ್ಯವಸ್ಥೆಯನ್ನು ಕಟುವಾಗಿ ಟೀಕಿಸಿದ.

ಈ ಚರ್ಚೆಯನ್ನು ಸಂಸ್ಥೆಯ ರೂಪಕ್ಕೆ ತಂದವನು ಫ್ರೆಡರಿಕ್ ಗಾಫ್. ವಕೀಲನಾಗಿ ಹೆಸರು ಮಾಡಿ 1908ರಲ್ಲಿ ಕ್ಲೀವ್‌ಲ್ಯಾಂಡ್ ಟ್ರಸ್ಟ್ ಕಂಪನಿ ಎಂಬ ಬ್ಯಾಂಕಿನ ಅಧ್ಯಕ್ಷನಾದ ಆತನಿಗೆ ಉಯಿಲುಗಳ ಒಳಹೊರಗು ಚೆನ್ನಾಗಿ ಗೊತ್ತಿತ್ತು. 1910ರ ಜನಗಣತಿಯಲ್ಲಿ ಕ್ಲೀವ್‌ಲ್ಯಾಂಡಿನ ಜನಸಂಖ್ಯೆ 5,60,663. ಉಕ್ಕು ಮತ್ತು ಎಣ್ಣೆಯ ಉದ್ಯಮದಲ್ಲಿ ಹಣ ಮಾಡಿದವರೂ ಯುರೋಪಿನಿಂದ ಬಂದ ಬಡ ಕಾರ್ಮಿಕರೂ ತುಂಬಿದ್ದ ಊರು ಅದು. 1914ರ ಜನವರಿ 2ರಂದು ಬ್ಯಾಂಕಿನ ಆಡಳಿತ ಮಂಡಳಿ ಕ್ಲೀವ್‌ಲ್ಯಾಂಡ್ ಫೌಂಡೇಶನ್ ಸ್ಥಾಪಿಸುವ ನಿರ್ಣಯವನ್ನು ಅಂಗೀಕರಿಸಿತು. ಹಣವನ್ನು ಕಾಯುವ, ಹೂಡುವ ಕೆಲಸ ಬ್ಯಾಂಕಿನದು. ಯಾರಿಗೆ ಕೊಡಬೇಕೆಂದು ತೀರ್ಮಾನಿಸುವುದು ಐವರ ಹಂಚಿಕೆ ಸಮಿತಿ. ಇಬ್ಬರನ್ನು ಬ್ಯಾಂಕು ಆರಿಸಿದರೆ, ಉಳಿದ ಮೂವರನ್ನು ನಗರದ ಮೇಯರ್, ಫೆಡರಲ್ ಜಿಲ್ಲಾ ನ್ಯಾಯಾಲಯದ ಹಿರಿಯ ನ್ಯಾಯಾಧೀಶ ಮತ್ತು ಕೌಂಟಿಯ ಪ್ರೊಬೇಟ್ ನ್ಯಾಯಾಧೀಶ ಒಬ್ಬೊಬ್ಬರಂತೆ ನೇಮಿಸಬೇಕು. ರಾಜಕೀಯ ಹುದ್ದೆಯಲ್ಲಿರುವವರಿಗೂ ಅದನ್ನು ಬಯಸುವವರಿಗೂ ಪ್ರವೇಶವಿಲ್ಲ. ಒಂದೇ ಧಾರ್ಮಿಕ ಪಂಗಡದವರು ಇಬ್ಬರಿಗಿಂತ ಹೆಚ್ಚು ಇರುವಂತಿಲ್ಲ. ದಾನಿ ಹೇಳಿದ ಉದ್ದೇಶ ಕಾಲಕ್ಕೆ ಒಗ್ಗದಿದ್ದರೆ ನ್ಯಾಯಾಲಯದ ಮೆಟ್ಟಿಲು ಹತ್ತದೆ ಅದನ್ನು ಬದಲಿಸುವ ಅಧಿಕಾರವೂ ಸಮಿತಿಗಿತ್ತು.

ಇದರಲ್ಲಿ ಬ್ಯಾಂಕಿನ ಸ್ವಾರ್ಥವೂ ಇತ್ತೆಂಬುದನ್ನು ಮರೆಯಬಾರದು. ದತ್ತಿಯ ಅಸಲು ಎಂದೆಂದಿಗೂ ಅದೇ ಬ್ಯಾಂಕಿನ ಸುಪರ್ದಿಯಲ್ಲಿ ಉಳಿಯುತ್ತದೆ. ಆದರೆ ಗಾಫ್‌ನ ಮುಂದಿನ ನಡೆಯನ್ನು ಲಾಭದ ಲೆಕ್ಕವೊಂದರಿಂದಲೇ ವಿವರಿಸಲಾಗದು. ಉಯಿಲಿನ ಹಣ ದಾನಿಗಳು ತೀರಿಕೊಂಡ ಮೇಲೆಯೇ ಬರುವಂಥದ್ದು; ಹೀಗಾಗಿ ಮೊದಲ ವರ್ಷಗಳಲ್ಲಿ ಪ್ರತಿಷ್ಠಾನದ ಪೆಟ್ಟಿಗೆ ಬಹುತೇಕ ಖಾಲಿ. ಆ ಅವಧಿಯನ್ನು ಅವನು ಊರಿನ ಅಗತ್ಯಗಳ ಅಧ್ಯಯನಕ್ಕೆ ಬಳಸಿದ. ಬಡವರ ಪರಿಹಾರ ವ್ಯವಸ್ಥೆಯ ಸಮೀಕ್ಷೆಯ ಬೆನ್ನಿಗೆ, ಲಿಯೊನಾರ್ಡ್ ಏರ್ಸ್ ನೇತೃತ್ವದಲ್ಲಿ 1915–16ರಲ್ಲಿ ನಡೆದ ಶಾಲಾ ಸಮೀಕ್ಷೆ 25 ಸಂಪುಟಗಳಲ್ಲಿ ಹೊರಬಂತು.

ಅಪರಾಧ ನ್ಯಾಯದ ಸಮೀಕ್ಷೆ ಇನ್ನೂ ದಿಟ್ಟವಾದದ್ದು. ನಗರ ನ್ಯಾಯಾಲಯದ ಮುಖ್ಯ ನ್ಯಾಯಾಧೀಶನೇ ಕೊಲೆ ಪ್ರಕರಣವೊಂದರಲ್ಲಿ ಸಿಲುಕಿದ ಹಗರಣದ ತರುವಾಯ ಹಾರ್ವರ್ಡ್‌ನ ರಾಸ್ಕೊ ಪೌಂಡ್ ಮತ್ತು ಫೆಲಿಕ್ಸ್ ಫ್ರಾಂಕ್‌ಫರ್ಟರ್ ಪೊಲೀಸರು, ವಕೀಲರು, ನ್ಯಾಯಾಲಯ, ಜೈಲು ಎಲ್ಲವನ್ನೂ ಪರಿಶೀಲಿಸಿದರು. ವರದಿ 1922ರಲ್ಲಿ ಗ್ರಂಥವಾಗಿ ಪ್ರಕಟವಾಯಿತು. ಅದರಲ್ಲಿ ಪತ್ರಿಕೆಗಳನ್ನೂ ಅಳೆದು ನೋಡಲಾಗಿದೆ. 1919ರ ಜನವರಿಯ ಮೊದಲ ಅರ್ಧದಲ್ಲಿ 345 ಅಪರಾಧಗಳು, ಪತ್ರಿಕೆಗಳಲ್ಲಿ ಅವಕ್ಕೆ ಸಿಕ್ಕ ಜಾಗ 925 ಅಂಗುಲ; ಎರಡನೇ ಅರ್ಧದಲ್ಲಿ 363 ಅಪರಾಧಗಳು, ಜಾಗ 6,642 ಅಂಗುಲ. ಅಪರಾಧದ ಅಲೆ ಬೀದಿಗಿಂತ ಹೆಚ್ಚಾಗಿ ಮುದ್ರಣಯಂತ್ರದಲ್ಲಿ ಎದ್ದಿತ್ತು. ಹಂಚಲು ಹಣವಿಲ್ಲದ ಕಾಲದಲ್ಲೇ ಪ್ರತಿಷ್ಠಾನ ಊರಿಗೆ ಇಷ್ಟು ಉಪಯೋಗಕ್ಕೆ ಬಂದದ್ದು ಗಮನಾರ್ಹ. ಗಾಫ್ 1923ರಲ್ಲಿ ತೀರಿಕೊಂಡ.

ಅಷ್ಟರಲ್ಲಿ ಮಾದರಿ ಹಬ್ಬಿಯಾಗಿತ್ತು. 1915ರಲ್ಲಿ ಚಿಕಾಗೊ, ಬಾಸ್ಟನ್, ಮಿಲ್ವಾಕೀ, ಲಾಸ್ ಏಂಜಲಿಸ್‌ಗಳಲ್ಲಿ ಇಂಥ ಸಂಸ್ಥೆಗಳು ಹುಟ್ಟಿದವು. ಒಂದೇ ಬ್ಯಾಂಕಿನ ಸುಪರ್ದಿಯಲ್ಲಿದ್ದರೆ ಉಳಿದ ಬ್ಯಾಂಕುಗಳು ತಮ್ಮ ಗ್ರಾಹಕರನ್ನು ಅತ್ತ ಕಳಿಸುವುದಿಲ್ಲವೆಂಬ ಸತ್ಯ ಬೇಗ ಅರಿವಾಯಿತು; 1916ರಲ್ಲಿ ಇಂಡಿಯಾನಪೊಲಿಸ್‌ನ ಮೂರು ಟ್ರಸ್ಟ್ ಕಂಪನಿಗಳು ಸೇರಿಯೇ ಪ್ರತಿಷ್ಠಾನ ಕಟ್ಟಿದವು. ಕೆನಡಾದ ವಿನಿಪೆಗ್‌ನಲ್ಲಿ 1921ರಲ್ಲಿ ಬ್ಯಾಂಕರ್ ವಿಲಿಯಂ ಆಲೊವೇ 1,00,000 ಡಾಲರ್ ಕೊಟ್ಟು ಅಲ್ಲಿನ ಪ್ರತಿಷ್ಠಾನಕ್ಕೆ ಅಡಿಪಾಯ ಹಾಕಿದ. 1924ರಲ್ಲಿ ಹೆಸರು ಹೇಳದ ಯಾರೋ ಲಕೋಟೆಯೊಂದರಲ್ಲಿ ಐದು ಡಾಲರಿನ ಮೂರು ಚಿನ್ನದ ನಾಣ್ಯಗಳನ್ನು ಇಟ್ಟು ಕಳಿಸಿದರು. ಸಿರಿವಂತನ ಲಕ್ಷವೂ ಅಜ್ಞಾತರ ಹದಿನೈದು ಡಾಲರೂ ಒಂದೇ ನಿಧಿಯಲ್ಲಿ ಕೂಡಿ ಬೆಳೆಯಬಲ್ಲವು ಎಂಬುದು ಈ ಸಂಸ್ಥೆಗಳ ನಿಜವಾದ ಬಲ.

1929ರ ಮಾರುಕಟ್ಟೆ ಕುಸಿತ ಬ್ಯಾಂಕುಗಳ ಮೇಲಿನ ನಂಬಿಕೆಯನ್ನೂ ಅವುಗಳ ಆಸರೆಯ ಪ್ರತಿಷ್ಠಾನಗಳನ್ನೂ ಅಲ್ಲಾಡಿಸಿತು. ಅದೇ ಬಿಕ್ಕಟ್ಟಿನ ದಿನಗಳಲ್ಲಿ, 1931ರಲ್ಲಿ, ನ್ಯೂಯಾರ್ಕ್ ಕಮ್ಯೂನಿಟಿ ಟ್ರಸ್ಟ್ ಬೇರೊಂದು ಬಗೆಯ ನಿಧಿಯನ್ನು ಆರಂಭಿಸಿತು. ದಾನಿ ಬದುಕಿರುವಾಗಲೇ ಹಣ ಕೊಡುತ್ತಾನೆ, ಯಾವ ಸಂಸ್ಥೆಗೆ ಎಷ್ಟು ಹೋಗಬೇಕೆಂದು ಕಾಲಕಾಲಕ್ಕೆ ಸಲಹೆ ನೀಡುತ್ತಾನೆ. ಸಲಹೆಯನ್ನು ಒಪ್ಪುವ ಕಡ್ಡಾಯ ಪ್ರತಿಷ್ಠಾನಕ್ಕಿಲ್ಲ. ಆದರೆ ಅದನ್ನು ತಳ್ಳಿಹಾಕುವುದು ಅಪರೂಪ.

ಬದಲಾವಣೆಯ ಅಧಿಕಾರಕ್ಕೆ ಸರ್ಕಾರದ ಮುದ್ರೆ ಬಿದ್ದದ್ದು ತೆರಿಗೆ ಕಾನೂನಿನ ಮೂಲಕ. 1969ರ ತೆರಿಗೆ ಸುಧಾರಣಾ ಕಾಯ್ದೆ ಒಂದೇ ಮನೆತನದ ಖಾಸಗಿ ಪ್ರತಿಷ್ಠಾನಗಳ ಮೇಲೆ ಬಿಗಿಯಾದ ನಿಯಮಗಳನ್ನು ಹೇರಿ, ಸಾರ್ವಜನಿಕ ದತ್ತಿ ಸಂಸ್ಥೆಗಳಿಗೆ ಹೆಚ್ಚಿನ ರಿಯಾಯಿತಿ ಉಳಿಸಿತು. ಸಮುದಾಯ ಪ್ರತಿಷ್ಠಾನದ ನೂರಾರು ನಿಧಿಗಳನ್ನು ಒಂದೇ ಸಾರ್ವಜನಿಕ ಸಂಸ್ಥೆಯೆಂದು ಎಣಿಸಬೇಕಾದರೆ, ಅನಗತ್ಯವಾದ, ಈಡೇರಿಸಲಾಗದ ಅಥವಾ ಊರಿನ ಅಗತ್ಯಕ್ಕೆ ಹೊಂದದ ಷರತ್ತನ್ನು ಬದಲಿಸುವ ಅಧಿಕಾರ ಅದರ ಮಂಡಳಿಗಿರಲೇಬೇಕೆಂದು ಮುಂದಿನ ನಿಯಮಾವಳಿ ವಿಧಿಸಿತು. ಅಸಲು ಮತ್ತು ಉತ್ಪತ್ತಿಯ ಅರ್ಥವೂ ಇದೇ ಕಾಲದಲ್ಲಿ ಬದಲಾಯಿತು. ಹಿಂದೆ ಬಡ್ಡಿ ಮತ್ತು ಲಾಭಾಂಶವನ್ನಷ್ಟೇ ಖರ್ಚು ಮಾಡಬಹುದಿತ್ತು. 1972ರ ಮಾದರಿ ಕಾನೂನು ಹೂಡಿಕೆಯ ಬೆಲೆ ಏರಿದ ಭಾಗವನ್ನೂ ವಿವೇಕದಿಂದ ಬಳಸಲು ಅವಕಾಶ ಕೊಟ್ಟಿತು. ಈಗಿನ ವಾಡಿಕೆಯೆಂದರೆ ಕೆಲವು ವರ್ಷಗಳ ಸರಾಸರಿ ಮೌಲ್ಯದ ಶೇ. 4ರಿಂದ 5ರಷ್ಟನ್ನು ಹಂಚುವುದು. 1,00,000 ಡಾಲರಿನ ನಿಧಿಯಿಂದ ಶೇ. 4.5ರಂತೆ ವರ್ಷಕ್ಕೆ 4,500 ಡಾಲರ್ ಹೊರಡುತ್ತದೆ. ಗಳಿಕೆಯಲ್ಲಿ ಮಿಕ್ಕದ್ದು ಬೆಲೆಯೇರಿಕೆಯ ಎದುರು ಅಸಲನ್ನು ಕಾಯುತ್ತದೆ.

ದಾನಿಯ ಷರತ್ತು ಮತ್ತು ಊರಿನ ಅಗತ್ಯ ನೇರವಾಗಿ ಮುಖಾಮುಖಿಯಾದದ್ದು ಕ್ಯಾಲಿಫೋರ್ನಿಯದಲ್ಲಿ. 1975ರಲ್ಲಿ ತೀರಿಕೊಂಡ ಬೆರಿಲ್ ಬಕ್ ತನ್ನ ಆಸ್ತಿಯನ್ನು ಮರಿನ್ ಕೌಂಟಿಯ ಬಡವರಿಗೂ ಅಲ್ಲಿನ ಇತರ ದತ್ತಿಕಾರ್ಯಗಳಿಗೂ ಬಿಟ್ಟು, ಹಂಚುವ ಹೊಣೆಯನ್ನು ಸ್ಯಾನ್ ಫ್ರಾನ್ಸಿಸ್ಕೊ ಫೌಂಡೇಶನ್ನಿಗೆ ವಹಿಸಿದ್ದಳು. ಆಸ್ತಿಯ ಮುಖ್ಯ ಭಾಗ ಬೆಲ್‌ರಿಜ್ ಎಣ್ಣೆ ಕಂಪನಿಯ ಷೇರುಗಳು. 1979ರಲ್ಲಿ ಶೆಲ್ ಆ ಕಂಪನಿಯನ್ನು ಕೊಂಡಾಗ ಒಂದು ಕೋಟಿ ಡಾಲರಿನೊಳಗೆ ಎಣಿಸಿದ್ದ ಆಸ್ತಿ 25 ಕೋಟಿಯನ್ನು ಮೀರಿತು. ಮರಿನ್ ದೇಶದ ಅತ್ಯಂತ ಸಿರಿವಂತ ಕೌಂಟಿಗಳಲ್ಲಿ ಒಂದು. ಪ್ರತಿಷ್ಠಾನದ ವ್ಯಾಪ್ತಿಯ ಉಳಿದ ನಾಲ್ಕು ಕೌಂಟಿಗಳಲ್ಲಿ ಬಡತನ ಹೆಚ್ಚು. ಹಣದ ಒಂದಿಷ್ಟನ್ನು ಮರಿನ್‌ನ ಹೊರಗೆ ಬಳಸಲು 1984ರಲ್ಲಿ ಪ್ರತಿಷ್ಠಾನ ನ್ಯಾಯಾಲಯದ ಮೊರೆ ಹೋಯಿತು. ಮರಿನ್‌ನವರು ಉಗ್ರವಾಗಿ ವಿರೋಧಿಸಿದರು. 1986ರಲ್ಲಿ ನ್ಯಾಯಾಲಯ ದಾನಿಯ ಮಾತನ್ನೇ ಎತ್ತಿಹಿಡಿಯಿತು: ಹಣ ಬೇರೆಡೆ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂಬುದು ಷರತ್ತನ್ನು ಮುರಿಯಲು ಸಾಕಾದ ಕಾರಣವಲ್ಲ. ಪ್ರತಿಷ್ಠಾನ ಹೊಣೆಯಿಂದ ಹಿಂದೆ ಸರಿದು, ಮರಿನ್ ಕಮ್ಯೂನಿಟಿ ಫೌಂಡೇಶನ್ ಹುಟ್ಟಿತು. ಕಾನೂನಿನ ದೃಷ್ಟಿಯಿಂದ ತೀರ್ಪು ಸರಿಯೇ. ಬಕ್ ಹೆಸರಿಸಿದ ಕೌಂಟಿಯಲ್ಲಿ ಬಡವರೂ ಇದ್ದರು, ಉದ್ದೇಶ ಅಸಾಧ್ಯವೂ ಆಗಿರಲಿಲ್ಲ. ಗಾಫ್‌ನ ಕಲ್ಪನೆಗೆ ಮಾತ್ರ ಇದು ದೊಡ್ಡ ಹಿನ್ನಡೆ. ಆ ಬಳಿಕ ಪ್ರತಿಷ್ಠಾನಗಳು ಬದಲಾವಣೆಯ ಮಾತು ಎತ್ತಲು ಹಿಂಜರಿದದ್ದು ಸಹಜ.

ಭಾರತದಲ್ಲಿ ಇದೇ ಮಾದರಿಯ ಬಾಂಬೆ ಕಮ್ಯೂನಿಟಿ ಪಬ್ಲಿಕ್ ಟ್ರಸ್ಟ್ 1991ರಲ್ಲಿ ಆರಂಭವಾಯಿತು. ಅದೇ ವರ್ಷ ಅಮೆರಿಕದ ಹೂಡಿಕೆ ಕಂಪನಿ ಫಿಡೆಲಿಟಿ, ದಾನಿಯ ಸಲಹೆಯಂತೆ ನಡೆಯುವ ನಿಧಿಗಳಿಗೆಂದೇ ರಾಷ್ಟ್ರವ್ಯಾಪಿ ದತ್ತಿ ಸಂಸ್ಥೆಯೊಂದನ್ನು ತೆರೆಯಿತು. ಸ್ಪರ್ಧೆಗೆ ಸಿಕ್ಕ ಸಮುದಾಯ ಪ್ರತಿಷ್ಠಾನಗಳೂ ಅಂಥ ನಿಧಿಗಳ ಬೆನ್ನುಹತ್ತಿದವು. 2006ರ ಕಾಯ್ದೆಯೊಂದು ಈ ನಿಧಿಗಳನ್ನು ಮೊದಲ ಬಾರಿಗೆ ಕಾನೂನಿನಲ್ಲಿ ವ್ಯಾಖ್ಯಾನಿಸಿತು. ಆದರೆ ಖಾಸಗಿ ಪ್ರತಿಷ್ಠಾನಗಳು ವರ್ಷಕ್ಕೆ ಶೇ. 5ರಷ್ಟನ್ನು ಹಂಚಲೇಬೇಕೆಂಬ ನಿಯಮವನ್ನು ಅವುಗಳಿಗೆ ಅನ್ವಯಿಸಲಿಲ್ಲ. ಹಣ ಹಾಕಿದ ದಿನವೇ ದಾನಿಗೆ ತೆರಿಗೆ ವಿನಾಯಿತಿ; ಅದು ಊರಿನ ಶಾಲೆಗೋ ಆಸ್ಪತ್ರೆಗೋ ತಲುಪಲು ಗಡುವಿಲ್ಲ. ಸತ್ತ ದಾನಿಯ ಹಿಡಿತ ಸಡಿಲಿಸಲು ಹುಟ್ಟಿದ ಸಂಸ್ಥೆಗಳು ಬದುಕಿರುವ ದಾನಿಯ ಇಚ್ಛೆಗೆ ಎಷ್ಟು ಬಾಗಬೇಕೆಂಬ ವಾದ ಅಲ್ಲಿಂದ ಮುಂದೆ ಶಾಸನಸಭೆಗಳಿಗೂ ಬಂತು.