ಇಸ್ಪೀಟಿನ ಎಲೆ, ಕ್ವಾರ್ಕಿನ ಬಲೆ

ಇಸ್ಪೀಟಿನಾಟದಿಂದ ಭೌತವಿಜ್ಞಾನಕ್ಕೆ ಉಪಕಾರವಾಯಿತೆಂದರೆ ಹಿರಿಯರು ಮೂಗು ಮುರಿದಾರು. ಆದರೆ ನಡೆದದ್ದು ಹಾಗೆಯೇ. 1946ರಲ್ಲಿ, ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿದ್ದ ಗಣಿತಜ್ಞ ಸ್ಟಾನಿಸ್ಲಾ ಉಲಮ್ ಒಬ್ಬರೇ ಕುಳಿತು ಇಸ್ಪೀಟು ಆಡುತ್ತಿದ್ದರು. ಗೆಲ್ಲುವ ಸಂಭವವೆಷ್ಟು? ಸೂತ್ರ ಹಿಡಿದು ಹೊರಟರೆ ಲೆಕ್ಕ ಬಗೆಹರಿಯದು. ನೂರು ಸಲ ಆಡಿ ಗೆದ್ದದ್ದನ್ನು ಎಣಿಸಿದರೆ ಉತ್ತರ ಸಮೀಪಿಸುತ್ತದೆ. ಪರಮಾಣುಗಳ ನಡುವೆ ಅಲೆಯುವ ನ್ಯೂಟ್ರಾನಿಗೂ ಇದನ್ನೇಕೆ ಅನ್ವಯಿಸಬಾರದು ಎಂದು ಅವರಿಗೆ ಹೊಳೆಯಿತು. 1947ರಲ್ಲಿ ಜಾನ್ ವಾನ್ ನಾಯ್ಮನ್ ಅದರ ಕ್ರಮವನ್ನು ಬರೆದಿಟ್ಟರು. ಕಣ ಎಷ್ಟು ದೂರ ಸಾಗಿತು, ಬಡಿದು ಚದರಿತೋ, ಹೀರಿಹೋಯಿತೋ, ಪರಮಾಣುವನ್ನೇ ಒಡೆಯಿತೋ—ಪ್ರತಿಯೊಂದು ತಿರುವಿನಲ್ಲಿಯೂ ಚೀಟಿ ಎತ್ತಿದಂತೆ ಒಂದು ಸಂಖ್ಯೆ ತೀರ್ಪು ಕೊಡಬೇಕು. ಜೂಜಿಗೆ ಹೆಸರಾದ ಮಾಂಟೆ ಕಾರ್ಲೋ ಊರಿನ ಹೆಸರೇ ಈ ವಿಧಾನಕ್ಕೆ ನಿಂತಿತು.

1948ರಲ್ಲಿ ಅಮೆರಿಕದ ಎನಿಯಾಕ್ ಗಣಕಯಂತ್ರದ ಮೇಲೆ ಈ ಲೆಕ್ಕ ನಡೆಯಿತು. ಅದಕ್ಕಾಗಿ ಆದೇಶಗಳನ್ನು ಬರೆದವರಲ್ಲಿ ವಾನ್ ನಾಯ್ಮನ್ನರ ಪತ್ನಿ ಕ್ಲಾರಾ ಪ್ರಮುಖರು. ಲೆಕ್ಕ ಬಾಂಬಿನದು ಎಂಬುದನ್ನು ಮಾತ್ರ ಮರೆಯುವಂತಿಲ್ಲ.

ಇಲ್ಲೊಂದು ವಿಚಿತ್ರವುಂಟು. ಎನಿಯಾಕಿನ ಹಲವು ಭಾಗಗಳು ಮೂಲದಲ್ಲಿ ಏಕಕಾಲಕ್ಕೆ ಲೆಕ್ಕ ಮಾಡಬಲ್ಲವಾಗಿದ್ದವು. ಆದರೆ ಹೊಸ ಲೆಕ್ಕ ಬಂದಾಗಲೆಲ್ಲ ತಂತಿಗಳನ್ನು ಕಿತ್ತು ಜೋಡಿಸಬೇಕು. ಅದಕ್ಕೆ ದಿನಗಳೇ ಹಿಡಿಯುತ್ತಿದ್ದವು. ಆದ್ದರಿಂದ ಅದೇ 1948ರಲ್ಲಿ, ಒಂದಾದ ಮೇಲೊಂದು ಆದೇಶವನ್ನು ಪಾಲಿಸುವಂತೆ ಅದನ್ನು ಮಾರ್ಪಡಿಸಿದರು. ಯಂತ್ರ ನಿಧಾನವಾಯಿತು, ಮನುಷ್ಯರ ಶ್ರಮ ಹಗುರವಾಯಿತು. ಆ ವಿನಿಮಯ ನ್ಯಾಯವಾದದ್ದೇ ಎಂದು ನನ್ನ ಭಾವನೆ.

ಬಿಟ್ಟುಹೋದ ದಾರಿಗೆ ವಿಜ್ಞಾನಿಗಳನ್ನು ಮರಳಿ ಎಳೆದದ್ದು ಕ್ವಾರ್ಕ್. ಕ್ವಾರ್ಕುಗಳನ್ನು ಬಂಧಿಸಿಡುವ ಬಲವನ್ನು ಅಳೆಯಲು 1974ರಲ್ಲಿ ಕೆನೆತ್ ವಿಲ್ಸನ್ ದೇಶಕಾಲಗಳನ್ನೇ ಒಂದು ಬಲೆಯಾಗಿ ಕಲ್ಪಿಸಿದರು. ಬಲೆಯ ಗಂಟುಗಳೋ ಬಹಳ. ಒಂದೇ ಗಣಕದಲ್ಲಿ ಲೆಕ್ಕ ತೆವಳುತ್ತಿತ್ತು. ಆದರೆ ಒಂದು ಗಂಟಿಗೆ ಬೇಕಾದದ್ದು ನೆರೆಯ ಗಂಟುಗಳ ಸಮಾಚಾರವಷ್ಟೆ. ಗದ್ದೆಯನ್ನು ಪಾಲು ಹಾಕಿಕೊಂಡು ನಾಟಿ ಮಾಡುವವರು ಬದುವಿನಾಚೆಯವರೊಡನೆ ಮಾತಾಡಿದರೆ ಸಾಲದೆ? 1983ರಲ್ಲಿ ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್‌ನಲ್ಲಿ ಚಾರ್ಲ್ಸ್ ಸೈಟ್ಸ್ ಹಾಗೂ ಜೆಫ್ರಿ ಫಾಕ್ಸ್ ಅವರ ಬಳಗ ನಡೆಸಿದ ಕಾಸ್ಮಿಕ್ ಕ್ಯೂಬ್ ಈ ಮಾದರಿಯದು. ಪೇಟೆಯಲ್ಲಿ ದೊರೆಯುತ್ತಿದ್ದ ಇಂಟೆಲ್ ಚಿಪ್ಪುಗಳ 64 ಘಟಕಗಳು. ಪ್ರತಿಯೊಂದಕ್ಕೂ ತನ್ನದೇ ಸ್ಮೃತಿಕೋಶ, 6 ನೆರೆಹೊರೆ. ಹೆಸರಾಂತ ವ್ಯಾಕ್ಸ್ 11/780 ಗಣಕಕ್ಕಿಂತ ಅದು 5ರಿಂದ 10 ಪಟ್ಟು ಸಮರ್ಥವಾಗಿತ್ತು.

ಮುಂದೆ ಆಟವೇ ಮತ್ತೆ ನೆರವಿಗೆ ಬಂತು. ವಿಡಿಯೋ ಆಟದ ಚಿತ್ರಗಳಿಗಾಗಿ ಬೆಳೆದ ಚಿಪ್ಪುಗಳಲ್ಲಿ ನೂರಾರು ಲೆಕ್ಕಗಳು ಜೊತೆಜೊತೆಯಾಗಿ ಸಾಗುತ್ತವೆ. 2006ರಲ್ಲಿ ಜೋಲ್ಟಾನ್ ಫೋಡೋರ್ ಮತ್ತು ಸಂಗಡಿಗರು ಅವುಗಳ ಮೇಲೆ ಕ್ವಾರ್ಕಿನ ಲೆಕ್ಕ ನಡೆಸಿ ತೋರಿಸಿದರು. ಆದರೆ ಆ ಚಿಪ್ಪಿಗೆ ತಿಳಿದಿದ್ದುದು ಚಿತ್ರದ ಭಾಷೆ ಮಾತ್ರ. ಕ್ವಾರ್ಕಿನ ಸಂಖ್ಯೆಗಳಿಗೆಲ್ಲ ಬಣ್ಣದ ವೇಷ ತೊಡಿಸಿ ಅದಕ್ಕೆ ಒಪ್ಪಿಸುವ ಶ್ರಮ ಮತ್ತೆ ಮನುಷ್ಯರ ಪಾಲಿಗೇ ಬಂತು.