ಹೊಳೆ ಇಳಿದ ಮೇಲಣ ವಿಚಾರಣೆ

ಸಾಂಗಲಿ ಮತ್ತು ಮಿರಜ ಎಂಬ ಅವಳಿ ಪಟ್ಟಣಗಳ ನಡುವೆ, ಹೆದ್ದಾರಿಯ ಉತ್ತರಕ್ಕೆ ತುಸು ಏರಿದ ನೆಲದ ಮೇಲೆ ಹಬ್ಬಿರುವ ಕುಪವಾಡದ ಔದ್ಯೋಗಿಕ ವಸಾಹತಿಗೆ ಕೃಷ್ಣೆಯ ಮಹಾಪೂರವು ಸಾಮಾನ್ಯವಾಗಿ ಏರಿ ಬರುವುದಿಲ್ಲ. ಮಹಾಪೂರದಿಂದ ಮನೆ ಬಿಟ್ಟವರು ಮಾತ್ರ ಗಂಟುಮೂಟೆಗಳೊಡನೆ ಆ ಕಡೆಗೆ ಏರಿ ಬರುತ್ತಾರೆ. 1962ರಲ್ಲಿ ಸ್ಥಾಪಿತವಾದ ಮಹಾರಾಷ್ಟ್ರ ಔದ್ಯೋಗಿಕ ವಿಕಾಸ ನಿಗಮದ ಮೊದಲಕ್ಷರಗಳೇ ಊರಿನ ಹೆಸರಾಗಿ ನಿಂತುಹೋಗಿರುವ ಈ ‘ಎಂಐಡಿಸಿ’ಯ ಎರಕದ ಶೆಡ್ಡುಗಳಲ್ಲಿಯೂ ಶೀತಲಗೃಹಗಳಲ್ಲಿಯೂ ಅಥಣಿ, ರಾಯಬಾಗ, ಜತ್ತಗಳ ಕಡೆಯಿಂದ ಬಂದವರ ಕನ್ನಡವು ಮರಾಠಿಯೊಡನೆ ಬೆರೆತು ಕೇಳಿಬರುತ್ತದೆ. ಇಲ್ಲಿ ದುಡಿಯುವವರೆಲ್ಲ ಇಲ್ಲಿಯೇ ವಾಸಿಸುವವರಲ್ಲ. ಬಾಡಿಗೆ ಕಡಿಮೆಯೆಂಬ ಕಾರಣಕ್ಕಾಗಿ ಸಾಂಗಲಿಯ ತಗ್ಗಿನ ಬಡಾವಣೆಗಳಲ್ಲಿ ಒಂದು ಖೋಲಿ ಹಿಡಿದು, ಪಾಳಿಯ ಸಮಯಕ್ಕೆ ಸರಿಯಾಗಿ ಸೈಕಲ್ಲನ್ನೋ ಮೋಟಾರು ಸೈಕಲ್ಲನ್ನೋ ಏರಿ ಬರುವವರು ಅನೇಕರು. ದುಡಿಮೆ ಎತ್ತರದಲ್ಲಿ, ಮನೆ ತಗ್ಗಿನಲ್ಲಿ ಎಂಬ ಈ ಸ್ಥಿತಿಯೇ, ಹೊಳೆ ಇಳಿದ ಮೇಲೆ ಮನೆಮನೆಗೆ ಬಂದು ‘ನಿಮಗೆ ಏನು ಹೋಯಿತು, ಏನು ಬಂದಿತು’ ಎಂದು ಕೇಳುವ ವಿಚಾರಣೆಯ ಚರಿತ್ರೆಯನ್ನು ಪರಿಶೀಲಿಸುವುದಕ್ಕೆ ಈ ಸ್ಥಳವನ್ನು ವಿಶೇಷವಾಗಿ ಯೋಗ್ಯವಾಗಿಸಿದೆ. ಆ ಎರಡು ಪ್ರಶ್ನೆಗಳು ಅವಳಿಜವಳಿಯಾಗಿ ಹುಟ್ಟಿದವಲ್ಲ. ಮೊದಲನೆಯದು ಬಹು ಹಳೆಯದು; ಎರಡನೆಯದು ನಿನ್ನೆ ಮೊನ್ನೆಯದೆನ್ನಬೇಕು.

ಸರ್ಕಾರವು ಹೊಳೆಯನ್ನು ಅಳೆಯುವುದಕ್ಕೆ ಮುಂಚೆ ದೇವರ ಪಾದವೇ ಅದರ ಅಳತೆಗೋಲಾಗಿದ್ದಿತು. ಕೃಷ್ಣಾ ಪಂಚಗಂಗಾ ಸಂಗಮದ ನರಸೋಬನ ವಾಡಿಯಲ್ಲಿ ದತ್ತಪಾದುಕೆಗಳ ಮೇಲೆ ಹರಿದ ನೀರು ಗುಡಿಯ ದಕ್ಷಿಣದ ಬಾಗಿಲಿನಿಂದ ಹೊರಬೀಳುವ ದಿನವನ್ನು ‘ದಕ್ಷಿಣದ್ವಾರ’ವೆಂದು ಕರೆದು, ಆ ನೀರಿನಲ್ಲಿ ಮೀಯುವುದಕ್ಕಾಗಿ ಚಿಕ್ಕೋಡಿ ಅಥಣಿಗಳ ಕನ್ನಡ ಭಕ್ತರೂ ಕೊಲ್ಲಾಪುರದ ಮರಾಠಿ ಭಕ್ತರೂ ಇಂದಿಗೂ ನೆರೆಯುತ್ತಾರೆ. ಅದಕ್ಕೂ ಮೀರಿ ಹೊಳೆ ಏರಿದಾಗ ಉತ್ಸವಮೂರ್ತಿಯೇ ಎತ್ತರದ ಸ್ಥಳಕ್ಕೆ ಬಿಜಯಮಾಡುತ್ತದೆಯಾದ್ದರಿಂದ, ಊರವರು ಎತ್ತು ಎಮ್ಮೆಗಳನ್ನು ಹೊಡೆದುಕೊಂಡು ದಿನ್ನೆಯ ಮೇಲಿನ ಬೀಗರ ಮನೆಗೋ ಮಠಕ್ಕೋ ಹೋಗುವುದರಲ್ಲಿ ಅವಮಾನವೇನೂ ಕಾಣುತ್ತಿರಲಿಲ್ಲ. ಆ ಕಾಲದ ನೆರವಿಗೆ ಲೆಕ್ಕವಿರಲಿಲ್ಲವೆಂದಲ್ಲ. ಬೀಗರು ನೆನಪಿನಲ್ಲಿಟ್ಟುಕೊಳ್ಳುತ್ತಿದ್ದರು, ಮತ್ತು ಆ ಲೆಕ್ಕವು ಮುಂದಿನ ಮದುವೆಯಲ್ಲಿ ಚುಕ್ತಾ ಆಗುತ್ತಿದ್ದಿತು.

ಬರಹದ ಲೆಕ್ಕವೆಲ್ಲ ಕಂದಾಯಕ್ಕೆ ಸಂಬಂಧಪಟ್ಟದ್ದು. ಸಾಂಗಲಿಯ ಪಟವರ್ಧನರ ಸಂಸ್ಥಾನವು 1948ರಲ್ಲಿ ವಿಲೀನವಾಗುವವರೆಗೆ ತೇರದಾಳ, ಶಹಾಪುರ, ಶಿರಹಟ್ಟಿಗಳಂಥ ಅಚ್ಚಗನ್ನಡ ಪ್ರದೇಶಗಳನ್ನೂ, ಮಿರಜ ಸಂಸ್ಥಾನವು ಲಕ್ಷ್ಮೇಶ್ವರವನ್ನೂ ಆಳುತ್ತಿದ್ದುದರಿಂದ, ತುಂಗಭದ್ರೆಯ ಸೀಮೆಯ ರೈತನ ಅಳಲು ಕೂಡ ಕೃಷ್ಣೆಯ ದಡದ ಕಚೇರಿಗೆ ಅರ್ಜಿಯ ರೂಪದಲ್ಲಿ ಬರಬೇಕಾಗಿದ್ದಿತು. ಬ್ರಿಟಿಷ್ ಮುಲ್ಕಿನಲ್ಲಿ, 1830ರ ದಶಕದಲ್ಲಿ ಇಂದಾಪುರದಿಂದ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟರು ಆರಂಭಿಸಿ ಮುಂದೆ ಧಾರವಾಡ ಬೆಳಗಾವಿಗಳಿಗೂ ವಿಸ್ತರಿಸಿದ ಭೂಮಾಪನ ಪದ್ಧತಿಯು ಪ್ರತಿಯೊಂದು ಹೊಲಕ್ಕೂ ಒಂದು ನಂಬರನ್ನು ಕೊಟ್ಟಿತು. ಬೆಳೆಯ ಮಟ್ಟವನ್ನು ಹದಿನಾರು ಆಣೆಗಳಿಗೆ ಇಷ್ಟು ಆಣೆಯೆಂದು ಕಟ್ಟುವ ಆಣೆವಾರಿಯು ಕಂದಾಯವನ್ನು ತಡೆಹಿಡಿಯಬೇಕೆ ಬೇಡವೆ ಎಂಬುದನ್ನು ನಿರ್ಣಯಿಸುವ ಕೋಲಾಯಿತು. ಕುಲಕರ್ಣಿಯು ಹೊಲದ ಬದುವಿನ ಮೇಲೆ ನಿಂತು ಬರೆದುಕೊಳ್ಳುತ್ತಿದ್ದುದು ರೈತನಿಗೆ ಏನು ಬೇಕೆಂಬುದನ್ನಲ್ಲ, ಸರ್ಕಾರಕ್ಕೆ ಎಷ್ಟು ಖೋತಾ ಆಗಬಹುದೆಂಬುದನ್ನು. ಇಂದಿನ ಗ್ರಾಮಲೆಕ್ಕಿಗನಾದ ತಲಾಠಿಯು ಮನೆಯ ಮುಂದೆ ನಿಂತು ಪಂಚರ ಸಹಿಯೊಡನೆ ಬರೆಯುವ ಪಂಚನಾಮೆಯಲ್ಲಿ ಆ ಸಂಶಯದೃಷ್ಟಿಯ ವಾಸನೆ ಪೂರ್ಣವಾಗಿ ಹೋಗಿಲ್ಲವೆಂದರೆ ತಲಾಠಿಯನ್ನು ದೂರಿದಂತಾಗಲಿಲ್ಲ. ಅವನ ಕೈಗೆ ಬಂದಿರುವ ದಸ್ತರವೇ ಅಂಥದು.

1876-78ರ ದಾರುಣ ಕ್ಷಾಮವು ಬಿಜಾಪುರ, ಬೆಳಗಾವಿ, ಸಾತಾರಾ ಪ್ರಾಂತಗಳನ್ನು ಬರಿದುಮಾಡಿದ ಮೇಲೆ, ರಿಚರ್ಡ್ ಸ್ಟ್ರೇಚಿಯ ಅಧ್ಯಕ್ಷತೆಯ ಆಯೋಗವು 1880ರಲ್ಲಿ ಒಪ್ಪಿಸಿದ ವರದಿಯಿಂದ ಕ್ಷಾಮಸಂಹಿತೆಗಳು ಜನಿಸಿದವು. ದುಡಿಯಬಲ್ಲವರಿಗೆ ಕಲ್ಲು ಒಡೆಯುವ ಕೆಲಸ, ದುಡಿಯಲಾರದ ವೃದ್ಧರು, ಅಂಗವಿಕಲರು ಮತ್ತು ಅನಾಥರಿಗೆ ಮನೆಬಾಗಿಲಿನ ಧರ್ಮಾರ್ಥ ನೆರವು ಎಂದು ವಿಭಾಗಿಸಿ, ಎರಡನೆಯ ವರ್ಗದವರ ಪಟ್ಟಿಯನ್ನು ಊರೂರು ತಿರುಗಿ ಸಿದ್ಧಪಡಿಸುವುದಕ್ಕೆ ತಪಾಸಣಾಧಿಕಾರಿಗಳನ್ನು ನೇಮಿಸಿದ್ದು ಆ ಸಂಹಿತೆಗಳ ಗುಣವೆಂದೇ ಹೇಳಬೇಕು, ಏಕೆಂದರೆ ಹೊಲದ ಬದುವಿನಿಂದ ಮನೆಯ ಹೊಸ್ತಿಲಿಗೆ ವಿಚಾರಣೆಯು ಬಂದುದು ಆಗಲೇ. ಆದರೆ ಅದೆಲ್ಲವೂ ಬರಗಾಲಕ್ಕಾಗಿ ಹೊಲಿದ ಅಂಗಿ. ದಖ್ಖನಿನ ಆಡಳಿತಕ್ಕೆ ಮಳೆ ಬಾರದಿರುವುದೇ ಆಪತ್ತೆಂದು ಅಭ್ಯಾಸವಾಗಿದ್ದುದರಿಂದ, ಮಳೆ ಅತಿಯಾಗಿ ಬಂದಾಗ ಅದೇ ಅಂಗಿಯನ್ನು ಎಳೆದು ತೊಡಿಸಬೇಕಾಯಿತು. ಬರವು ತಿಂಗಳುಗಟ್ಟಲೆ ನಿಧಾನವಾಗಿ ಬರುತ್ತದೆ, ಪಟ್ಟಿ ಬರೆಯುವುದಕ್ಕೆ ಪುರುಸೊತ್ತಿರುತ್ತದೆ. ಹೊಳೆಯೋ ರಾತ್ರಿ ಎರಡು ಗಂಟೆಗೆ ಬಂದು ಪಟ್ಟಿಗೆ ಬೇಕಾದ ರೇಶನ್ ಕಾರ್ಡನ್ನೂ ಜೊತೆಗೆ ಒಯ್ಯುತ್ತದೆ.

ಇಷ್ಟಾದರೂ ನೆರವು ಪಡೆದವನನ್ನು ಕುರಿತು ಶಾಸ್ತ್ರೀಯವಾಗಿ ವಿಚಾರಿಸುವ ಸಂಪ್ರದಾಯವು ನಮ್ಮ ದೇಶದಲ್ಲಿ ಬೇರೂರಿದುದಕ್ಕೂ ಪ್ರವಾಹಕ್ಕೂ ಒಂದು ಗೂಢವಾದ ಸಂಬಂಧವುಂಟು. ಉತ್ತರ ಬಂಗಾಳದಲ್ಲಿ 1922ರಲ್ಲಿ ಮಹಾಪೂರ ಬಂದಾಗ ರಸಾಯನಶಾಸ್ತ್ರಜ್ಞ ಪ್ರಫುಲ್ಲಚಂದ್ರ ರಾಯರು ಪರಿಹಾರಕಾರ್ಯದ ಮುಂದಾಳಾಗಿದ್ದರು. ಅಂಥ ಪೂರಗಳನ್ನು ಅಂಕಸಂಖ್ಯೆಗಳಿಂದ ಶೋಧಿಸಿದ ಪ್ರಶಾಂತಚಂದ್ರ ಮಹಾಲನೋಬಿಸರೇ ಮುಂದೆ 1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆಯನ್ನು ಕಟ್ಟಿ ಕುಟುಂಬ ಸಮೀಕ್ಷೆಯನ್ನು ರಾಜ್ಯಾಡಳಿತದ ಒಂದು ಅಂಗವನ್ನಾಗಿ ಮಾಡಿದರು. ಪಶ್ಚಿಮದಲ್ಲಿ ಇದೇ ಕಾರ್ಯವನ್ನು 1930ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಗೋಖಲೆ ಅರ್ಥಶಾಸ್ತ್ರ ಸಂಸ್ಥೆಯು ಧನಂಜಯರಾವ ಗಾಡಗೀಳರ ನೇತೃತ್ವದಲ್ಲಿ ಮಾಡುತ್ತಿದ್ದಿತು. 1961ರ ಜುಲೈ 12ರಂದು ಇನ್ನೂ ಕಟ್ಟಡದ ಹಂತದಲ್ಲಿದ್ದ ಪಾನಶೇತ ಅಣೆಕಟ್ಟು ಒಡೆದು, ಅದರ ನೀರು ಖಡಕವಾಸಲೆಯ ಅಣೆಯನ್ನೂ ಮುರಿದುಕೊಂಡು ಹಾಡುಹಗಲಿನಲ್ಲಿ ಪುಣೆಯ ಪೇಟೆಗಳಿಗೆ ನುಗ್ಗಿದಾಗ, ಆ ಸಂಸ್ಥೆಯ ಸಂಶೋಧಕರಿಗೆ ಮಹಾಪೂರವು ತಮ್ಮ ಬೀದಿಗೇ ಬಂದಂತಾಯಿತು. ಸುಲಭಾ ಬ್ರಹ್ಮೆ ಮತ್ತು ಪ್ರಕಾಶ ಗೋಳೆ ಇವರು ಪೂರದ ಪರಿಣಾಮವನ್ನೂ ಪುನರ್ವಸತಿಯನ್ನೂ ಕುರಿತು ಬರೆದ ಗ್ರಂಥವು 1967ರಲ್ಲಿ ಹೊರಬಂದಿತು.

ನನ್ನ ಮಟ್ಟಿಗೆ ಈ ಗ್ರಂಥವೇ ಈ ಚರಿತ್ರೆಯ ತಿರುವು. ಪಂಚನಾಮೆಯು ಕುಸಿದ ಗೋಡೆಯ ಬಳಿ ನಿಂತುಬಿಡುತ್ತದೆ. ಸಂಶೋಧಕನಾದರೋ ಆ ಗೋಡೆಯ ಹಿಂದೆ ಇದ್ದ ಕುಟುಂಬವು ಈಗ ಎಲ್ಲಿದೆ, ಬಾಡಿಗೆದಾರನಿಗೆ ಮತ್ತೆ ಸೂರು ದೊರೆಯಿತೆ, ಅಂಗಡಿ ಹೋದವನು ಬಂಡವಾಳವನ್ನು ಎಲ್ಲಿಂದ ತಂದನು ಎಂದು ಹಿಂಬಾಲಿಸುತ್ತ ಹೋಗಬೇಕಾಗುತ್ತದೆ. ಗೋಖಲೆನಗರ, ಲೋಕಮಾನ್ಯನಗರ ಮೊದಲಾದ ಪೂರಗ್ರಸ್ತರ ವಸಾಹತುಗಳು ಇಂದು ಪುಣೆಯ ಸಾಧಾರಣ ಬಡಾವಣೆಗಳಾಗಿ ಹೋಗಿವೆ. ಆದರೆ ನೆರವು ಪಡೆದವರ ಬದುಕು ವರ್ಷಗಳ ಅನಂತರವೂ ವಿಚಾರಣೆಗೆ ಯೋಗ್ಯವೆಂಬ ಅಭಿಪ್ರಾಯವು ಆ ಗ್ರಂಥದೊಡನೆ ವಿದ್ವತ್ತಿನ ಕಪಾಟನ್ನು ಸೇರಿತೇ ಹೊರತು ತಹಸೀಲು ಕಚೇರಿಯನ್ನು ಸೇರಲಿಲ್ಲ.

ಆ ಅಭಿಪ್ರಾಯವು ಕಚೇರಿಯ ಬಾಗಿಲನ್ನು ತಟ್ಟಿದುದು 1993ರ ಕಿಲ್ಲಾರಿ ಭೂಕಂಪದ ಅನಂತರ. ಆಗ ಲಾತೂರ ಮತ್ತು ಉಸ್ಮಾನಾಬಾದ ಜಿಲ್ಲೆಗಳ ಹಳ್ಳಿಗಳಲ್ಲಿ ‘ಸಂವಾದ ಸಹಾಯಕ’ರೆಂಬ ಹೆಸರಿನಿಂದ ಸ್ಥಳೀಯ ಮಹಿಳೆಯರನ್ನು ನೇಮಿಸಿ, ಮನೆ ಕಟ್ಟುವ ಯೋಜನೆಯು ಮನೆಯವರ ಕಿವಿಗೂ, ಮನೆಯವರ ದೂರು ಯೋಜನೆಯ ಕಿವಿಗೂ ಬೀಳುವಂತೆ ಏರ್ಪಾಡು ಮಾಡಲಾಯಿತು. ಹೊರಜಗತ್ತಿನಲ್ಲಿ ರುವಾಂಡಾದ ನರಮೇಧದ ಅನಂತರದ ನೆರವನ್ನು ಕುರಿತು 1996ರಲ್ಲಿ ಪ್ರಕಟವಾದ ಸಂಯುಕ್ತ ಮೌಲ್ಯಮಾಪನವು ದಾನಿಸಂಸ್ಥೆಗಳನ್ನು ನಾಚಿಸಿತು. ಮರುವರ್ಷವೇ ಆರಂಭವಾದ ‘ಸ್ಫಿಯರ್’ ಯೋಜನೆಯು ತಲೆಗೆ ದಿನಕ್ಕೆ 15 ಲೀಟರು ನೀರೆಂಬಂಥ ಕನಿಷ್ಠ ಮಾನಗಳನ್ನು ಗೊತ್ತುಪಡಿಸಿತು. ಹಂಚಿದ ಮೇಲೆ ಹೋಗಿ ಕೇಳಬೇಕು ಎಂಬ ನಿಯಮವು ಅಂದಿನಿಂದ ಸೇವಾಸಂಸ್ಥೆಗಳ ನಿತ್ಯವಿಧಿಗಳಲ್ಲಿ ಒಂದಾಯಿತು.

ಕೃಷ್ಣೆಯ ದಡಕ್ಕೆ ಮರಳೋಣ. ಸಾಂಗಲಿಯವರು ಹೊಳೆಯ ಸುದ್ದಿ ಹೇಳುವುದು 1929ರ ಐರ್ವಿನ್ ಸೇತುವೆಯ ಮೇಲಿನ ಅಡಿಗುರುತಿನಿಂದ: 40 ಅಡಿಗೆ ಎಚ್ಚರಿಕೆ, 45 ಅಡಿಗೆ ಅಪಾಯ. 2005ರಲ್ಲಿ ನೀರು ಅಲ್ಲಿ ಸುಮಾರು 54 ಅಡಿಗೇರಿದಾಗ ಮನೆಗಳಷ್ಟೇ ಅಲ್ಲದೆ ಪಕ್ಕದ ಹರಿಪುರದ ನೆಲದೊಳಗಿನ ಹಗೇವುಗಳಲ್ಲಿ ತುಂಬಿಟ್ಟಿದ್ದ ಅರಿಷಿಣವೂ ನಾಶವಾಗಿ, ತಲೆಮಾರುಗಳಿಂದ ಬಂದ ಆ ಸಂಗ್ರಹಪದ್ಧತಿಯೇ ನೆಲಕಚ್ಚಿತು. ಅರಿಷಿಣವು ಗೋದಾಮು ಶೀತಲಗೃಹಗಳ ದಾರಿ ಹಿಡಿಯಿತು. ವರ್ತಕನ ನಷ್ಟವು ಮೂಟೆಗಳಲ್ಲಿ ಎಣಿಸಲ್ಪಟ್ಟಿತು. ಹಗೇವಿನಲ್ಲಿ ಇಳಿದು ಅರಿಷಿಣ ತುಂಬುತ್ತಿದ್ದ ಹಮಾಲನ ಕಸುಬು ಯಾವ ಪಂಚನಾಮೆಯ ಯಾವ ಅಂಕಣದಲ್ಲಿ ಬರಬೇಕಾಗಿದ್ದಿತು?

2019ರ ಆಗಸ್ಟಿನಲ್ಲಿ ಅದೇ ಗುರುತು 57 ಅಡಿಯನ್ನು ದಾಟಿತು. ಆಗ ಮಹಾರಾಷ್ಟ್ರ ಸರ್ಕಾರವು ಘೋಷಿಸಿದ ನೆರವಿನ ಸ್ವರೂಪವನ್ನು ನೋಡಿದರೆ ಹಳೆಯ ದಸ್ತರದ ನೆರಳು ಎಷ್ಟು ಉದ್ದವೆಂಬುದು ತಿಳಿಯುತ್ತದೆ. ಧಾನ್ಯ ದೊರೆಯಬೇಕಾದರೆ ಮನೆಯು ಎರಡು ದಿನ ನೀರಿನಲ್ಲಿದ್ದಿರಬೇಕೆಂಬ ನಿಬಂಧನೆಯು ತೀವ್ರ ಟೀಕೆಗೆ ಗುರಿಯಾಯಿತು. ನಗರದ ಕುಟುಂಬಕ್ಕೆ 15,000, ಗ್ರಾಮದ ಕುಟುಂಬಕ್ಕೆ 10,000 ರೂಪಾಯಿ, ಅದರಲ್ಲಿ 5,000 ಕೈಯಲ್ಲಿ, ಉಳಿದದ್ದು ಬ್ಯಾಂಕಿನ ಖಾತೆಯಲ್ಲಿ ಎಂಬ ಕ್ರಮವು ಕಾಗದದ ಮೇಲೆ ನ್ಯಾಯವಾಗಿಯೇ ಕಂಡರೂ, ಸಾಂಗಲಿಗೆ ಅಂಟಿಕೊಂಡಂತಿರುವ ಹರಿಪುರವು ಗ್ರಾಮವಾದ್ದರಿಂದ ಒಂದೇ ಹೊಳೆಗೆ ಎರಡು ಬೆಲೆ ಬಂದಿತು. ಗಡಿಯಾಚೆಯ ಉಗಾರ, ಕುಡಚಿಗಳಲ್ಲಿ ಅದೇ ನೀರಿಗೆ ಕರ್ನಾಟಕ ಸರ್ಕಾರವು ತಕ್ಷಣದ ನೆರವೆಂದು 10,000 ರೂಪಾಯಿ ಕೊಟ್ಟಿತು. ಕೇಂದ್ರದ ಮಾನದಂಡದಂತೆ ಬಟ್ಟೆಗೆ 1,800, ಪಾತ್ರೆಗೆ 2,000, ಒಟ್ಟು 3,800 ಮಾತ್ರ ಸಲ್ಲುತ್ತಿದ್ದುದರಿಂದ ಉಳಿದುದನ್ನು ರಾಜ್ಯವೇ ಸೇರಿಸಬೇಕಾಯಿತು. ಪೂರ್ಣವಾಗಿ ಬಿದ್ದ ಮನೆಗೆ 5 ಲಕ್ಷವೆಂದು ಉದಾರವಾಗಿ ಸಾರಿದ ಮೇಲೆ ಹಳ್ಳಿಹಳ್ಳಿಯಲ್ಲಿ ಎ, ಬಿ, ಸಿ ಎಂಬ ವರ್ಗೀಕರಣದ ವಾಗ್ವಾದವೆದ್ದಿತು. ಗೋಡೆ ಶೇಕಡ ಎಷ್ಟು ಬಿದ್ದಿದೆಯೆಂಬುದರ ಮೇಲೆ ಒಂದು ಕುಟುಂಬದ ಮುಂದಿನ ಹತ್ತು ವರ್ಷಗಳು ನಿಂತವು. ಈ ಪೂರಕ್ಕೆ ಕೆಳಗಿನ ಆಲಮಟ್ಟಿ ಅಣೆಕಟ್ಟಿನ ಹಿನ್ನೀರೇ ಕಾರಣವೋ ಅಲ್ಲವೋ ಎಂದು ಎರಡು ರಾಜ್ಯಗಳ ಪಂಡಿತರು ವಾದಿಸುತ್ತಿರಲಿ. ಆ ಪ್ರಶ್ನೆಯನ್ನು ಯಾವ ಸಮೀಕ್ಷಕನೂ ಅಡುಗೆಮನೆಯಲ್ಲಿ ಕುಳಿತು ಕೇಳಲಾರ.

ಅಡುಗೆಮನೆಯಲ್ಲಿ ನಡೆಯುವ ಮಾತೇ ಬೇರೆ. ಸೇವಾಸಂಸ್ಥೆಯೊಂದರ ಪರವಾಗಿ ಫಾರ್ಮು ಹಿಡಿದು ಬಂದ ಹುಡುಗಿ, ಗೋಡೆಯ ಮೇಲೆ ಎದೆಮಟ್ಟಕ್ಕೆ ಕೆಸರಿನ ಗೆರೆ ಉಳಿದ ಬಾಡಿಗೆಯ ಖೋಲಿ, ಮಗನನ್ನು ಎಂಐಡಿಸಿಯ ಪಾಳಿಗೆ ಕಳಿಸಿ ಕುಳಿತ ತಾಯಿ. ಸಂವಾದವು ಈ ರೀತಿಯಾಗಿ ಸಾಗುತ್ತದೆ.

“ಕಾಕು, ಹೊಳಿ ಇಳದ ಮ್ಯಾಲ ಏನೇನ ಸಿಕ್ತರಿ?”

“ಚಾದರ ನಾಕ ಬಂದಾವ ನೋಡ ತಂಗಿ. ಬಿಸ್ಕೀಟಂತೂ ಹುಡುಗೂರು ಒಲ್ಲೆ ಅನ್ನೂವಷ್ಟ.”

“ರೊಕ್ಕ?”

“ರೊಕ್ಕ ಮನಿ ಮಾಲಕರ ಹೆಸರಿಗೆ ಹಚ್ಯಾರ. ನಮ್ಮ ಕಾರ್ಡ ಊರಾಗೈತಿ, ಅಥಣಿ ಕಡೆ. ಗ್ಯಾಸಿನ ಶೆಗಡಿ ಒಂದ ಕೊಟ್ಟಿದ್ದರ ಬೇಕಾದಷ್ಟಾಗ್ತಿತ್ತು.”

ಹುಡುಗಿಯು ‘ಚಾದರ: 4’ ಎಂದು ಬರೆಯುತ್ತಾಳೆ, ‘ತೃಪ್ತಿ’ ಎಂಬ ಅಂಕಣದಲ್ಲಿ ತಡವರಿಸುತ್ತಾಳೆ. ಆ ತಾಯಿಯಾದರೋ ಬಂದವಳನ್ನು ನೋಯಿಸಬಾರದೆಂದು ‘ಚಲೋ ಮಾಡ್ಯಾರ’ ಎಂದು ಬರೆಸುತ್ತಾಳೆ. ಇಂದು ಕೇಳಿದವರು ನಾಳೆ ಕೊಡುವವರಾದಾರು ಎಂಬ ಆಸೆಯೂ ಅದರಲ್ಲಿ ಇಲ್ಲದಿಲ್ಲ. ಆದ್ದರಿಂದ ಪೂರ ಇಳಿದ ತಿಂಗಳಿನಲ್ಲೇ ದೊರೆತ ಉತ್ತರಗಳಲ್ಲಿ ಕೃತಜ್ಞತೆಯ ಪ್ರಮಾಣವು ಯಾವಾಗಲೂ ಹೆಚ್ಚು. ಅದೇ ಮನೆಗೆ ದೀಪಾವಳಿ ಕಳೆದ ಮೇಲೆ ಹೋಗಿ, ಸಾಲ ಎಷ್ಟಾಯಿತು, ಕಿವಿಯೋಲೆ ಎಲ್ಲಿ ಅಡವಿಟ್ಟಿರಿ ಎಂದು ಕೇಳಿದರೆ ಬೇರೊಂದೇ ಚರಿತ್ರೆ ಹೊರಬರುತ್ತದೆ. ನಾಲ್ಕು ಚಾದರ ಬಂದು ಒಂದು ಒಲೆಯೂ ಬಾರದಿರುವ ಸಂಗತಿಯು ಯಾವ ಪಂಚನಾಮೆಯಿಂದಲೂ ತಿಳಿಯತಕ್ಕದ್ದಲ್ಲ; ಅದು ತಿಳಿಯುವುದು ಪಡೆದವರನ್ನೇ ಕೇಳಿದಾಗ ಮಾತ್ರ. ಈ ಒಂದು ಕಾರಣಕ್ಕಾಗಿಯಾದರೂ ಆ ಹುಡುಗಿಯ ಫಾರ್ಮನ್ನು ನಾನು ತಲಾಠಿಯ ದಸ್ತರದ ಪಕ್ಕದಲ್ಲಿ ಸಮಾನ ಗೌರವದಿಂದ ಇಡುತ್ತೇನೆ.

ಆ ಫಾರ್ಮಿನಲ್ಲಿಯೂ ಕುಪವಾಡಕ್ಕೆ ಸ್ಥಳ ಸುಲಭವಾಗಿ ದೊರೆಯುವುದಿಲ್ಲ. ಪೂರಗ್ರಸ್ತ ಕ್ಷೇತ್ರವೆಂದರೆ ನೀರು ಮುಟ್ಟಿದ ನಕಾಶೆ. 2019ರಲ್ಲಿ ಎಂಐಡಿಸಿಯ ಶೆಡ್ಡುಗಳಿಗೆ ನೀರು ಮುಟ್ಟದಿದ್ದರೂ ರಸ್ತೆಗಳು ಮುಚ್ಚಿ ಕಚ್ಚಾಮಾಲು ಬಾರದೆ, ಕೆಲಸಗಾರರೂ ಬಾರದೆ ಯಂತ್ರಗಳು ನಿಂತ ದಿನಗಳ ಕೂಲಿಯು ಗುತ್ತಿಗೆಯ ಮೇಲೆ ದುಡಿಯುವವನ ಕೈತಪ್ಪಿ ಹೋಯಿತು. ಅವನು ಎತ್ತರದ ಖೋಲಿಯಲ್ಲಿದ್ದರೆ ಪೂರಗ್ರಸ್ತನಲ್ಲ. ತಗ್ಗಿನಲ್ಲಿದ್ದರೆ ಪೂರಗ್ರಸ್ತನಾದರೂ ಕೂಲಿಯ ಅಂಕಣವಿಲ್ಲ. ಸಾಂಗಲಿ ಮುಳುಗಿದ್ದ ಆ ದಿನಗಳಲ್ಲಿಯೇ ಅದೇ ಜಿಲ್ಲೆಯ ಜತ್ತ ಭಾಗದಲ್ಲಿ ಕುಡಿಯುವ ನೀರಿಗೆ ಟ್ಯಾಂಕರಿನ ದಾರಿ ಕಾಯುತ್ತಿದ್ದ ತಂದೆತಾಯಿಗಳಿಗೆ ಇಂಥ ಗುತ್ತಿಗೆ ಕೆಲಸದ ಮಗನು ತಿಂಗಳು ತಿಂಗಳು ಕಳಿಸುತ್ತಿದ್ದ ಹಣವೂ ನಿಂತಿತೆಂಬುದು ಎರಡು ತಾಲೂಕುಗಳ ಎರಡು ಬೇರೆ ಕಡತಗಳ ನಡುವೆ ಬಿದ್ದುಹೋಯಿತು. 2021ರ ಜುಲೈನಲ್ಲಿ ಐರ್ವಿನ್ ಸೇತುವೆಯ ಗುರುತು ಮತ್ತೆ 50 ಅಡಿಯನ್ನು ದಾಟಿದಾಗ ಕುಟುಂಬಕ್ಕೆ 10,000 ರೂಪಾಯಿಯನ್ನು, ಬಟ್ಟೆಗೆ 5,000, ಪಾತ್ರೆಗೆ 5,000 ಎಂದು ವಿಂಗಡಿಸಿ ಕೊಡಲಾಯಿತು. ಬಟ್ಟೆ ಪಾತ್ರೆಗಳಿಗೆ ಅಂಕಣವುಂಟು. ಕೂಲಿಗೂ ಬಾಡಿಗೆಯ ಖೋಲಿಗೂ ಅಂಕಣವನ್ನು ಎಳೆಯುವ ಕೆಲಸವನ್ನು ಸದ್ಯಕ್ಕೆ ಪಾಳಿ ಬಿಡುವ ಹೊತ್ತನ್ನು ನೋಡಿಕೊಂಡು ಸಂಜೆಯ ವೇಳೆ ಮನೆಗಳಿಗೆ ಹೋಗುವ ಸಮೀಕ್ಷಕರು ತಮ್ಮ ಫಾರ್ಮಿನ ಅಂಚಿನಲ್ಲಿ ಪೆನ್ನಿನಿಂದ ಮಾಡುತ್ತಿದ್ದಾರೆ.