ಕಡಲ ಪವನ ವಿದ್ಯುತ್ ಯೋಜನೆಗಳು ಮತ್ತು ಜೀವಿನಿರ್ಮಿತ ದಿಬ್ಬಗಳ ನಕ್ಷೆ ತಯಾರಿಕೆ

ಪೀಠಿಕೆ

ಸಮುದ್ರತಳದಲ್ಲಿ ಕೆಲವು ಜೀವಿಗಳು ತಾವೇ ದಿಬ್ಬಗಳನ್ನು ನಿರ್ಮಿಸುತ್ತವೆ. ಬ್ರಿಟನ್ನಿನ ಸುತ್ತಲಿನ ಸಮುದ್ರದಲ್ಲಿ ಸಬೆಲ್ಲೇರಿಯಾ ಸ್ಪೈನುಲೋಸಾ ಎಂಬ ಹುಳು ಇವುಗಳಲ್ಲಿ ಪ್ರಮುಖವಾದುದು. ಇದು ನೀರಿನಲ್ಲಿ ಬರುವ ಮರಳಿನ ಕಣಗಳನ್ನು ಅಂಟಿಸಿ ಕೊಳವೆಯಾಕಾರದ ಗೂಡು ಕಟ್ಟುತ್ತದೆ. ಇಂತಹ ಅಸಂಖ್ಯ ಗೂಡುಗಳು ಒತ್ತಾಗಿ ಬೆಳೆದಾಗ ದಿಬ್ಬ ಉಂಟಾಗಿ, ಏಡಿ ಮುಂತಾದ ಅನೇಕ ಜೀವಿಗಳಿಗೆ ಆಸರೆಯಾಗುತ್ತದೆ. 1992ರ ಯುರೋಪಿಯನ್ ಆವಾಸ ನಿರ್ದೇಶನದ ಒಂದನೇ ಅನುಬಂಧದಲ್ಲಿ ಸಮುದ್ರ ದಿಬ್ಬಗಳನ್ನು ಸೇರಿಸಲಾಗಿದೆ. ಪವನ ಯಂತ್ರಗಳ ಅಡಿಪಾಯ, ಕೇಬಲ್ ಹೂಳುವ ಕಾಮಗಾರಿ ಹಾಗೂ ಹಡಗುಗಳ ಲಂಗರುಗಳಿಂದ ಇವುಗಳಿಗೆ ಹಾನಿಯಾಗುವ ಸಂಭವವಿರುವುದರಿಂದ ಕಾಮಗಾರಿಗೆ ಮುನ್ನ ನಕ್ಷೆ ತಯಾರಿಸುವುದು ಅವಶ್ಯಕವಾಗಿರುತ್ತದೆ.

ಸಮೀಕ್ಷೆಯ ವಿಧಾನ

1. ಮೊದಲನೆಯದಾಗಿ, ಹಡಗಿನಿಂದ ಶಬ್ದತರಂಗಗಳನ್ನು ಕಳುಹಿಸಿ ಸಮುದ್ರತಳದ ಆಳ ಹಾಗೂ ಮೇಲ್ಮೈ ರಚನೆಯನ್ನು ದಾಖಲಿಸಲಾಗುತ್ತದೆ.
2. ಶಬ್ದಚಿತ್ರದಲ್ಲಿ ದಿಬ್ಬವನ್ನೂ ಜಲ್ಲಿಕಲ್ಲಿನ ತಳವನ್ನೂ ಪ್ರತ್ಯೇಕಿಸುವುದು ಕಷ್ಟವಾದ್ದರಿಂದ, ಸಂಶಯವಿರುವ ಸ್ಥಳಗಳಲ್ಲಿ ಕ್ಯಾಮೆರಾ ಇಳಿಸಿ ಖಚಿತಪಡಿಸಿಕೊಳ್ಳಲಾಗುತ್ತದೆ.
3. ತಳದ ಮಾದರಿಯನ್ನು ಬಾಚಿ ತೆಗೆಯುವ ಉಪಕರಣದಿಂದ ದಿಬ್ಬಕ್ಕೇ ಹಾನಿಯಾಗುವುದರಿಂದ, ಅದನ್ನು ಕ್ಯಾಮೆರಾ ಪರಿಶೀಲನೆಯ ನಂತರವೇ ಬಳಸುವುದು ಸೂಕ್ತ.

ದಿಬ್ಬವೆಂದು ಪರಿಗಣಿಸಲು ಮಾನದಂಡಗಳು

ಹುಳುಗಳಿರುವ ಸ್ಥಳವೆಲ್ಲವೂ ದಿಬ್ಬವಲ್ಲ. ಬ್ರಿಟನ್ನಿನಲ್ಲಿ 2007ರಲ್ಲಿ ನಡೆದ ತಜ್ಞರ ಕಾರ್ಯಾಗಾರದ ವರದಿಯಲ್ಲಿ ಸೂಚಿಸಲಾದ ಕನಿಷ್ಠ ಮಿತಿಗಳು ಈ ಕೆಳಕಂಡಂತಿವೆ:

ಅ) ಎತ್ತರ: 2 ಸೆಂ.ಮೀ. (10 ಸೆಂ.ಮೀ. ಮೀರಿದಲ್ಲಿ ಉನ್ನತ ದರ್ಜೆ)
ಆ) ವಿಸ್ತೀರ್ಣ: 25 ಚದರ ಮೀಟರ್ (10 ಲಕ್ಷ ಚದರ ಮೀಟರ್ ಮೀರಿದಲ್ಲಿ ಉನ್ನತ ದರ್ಜೆ)
ಇ) ತಳವನ್ನು ಆವರಿಸಿರುವ ಪ್ರಮಾಣ: ಶೇ. 10 (ಶೇ. 30 ಮೀರಿದಲ್ಲಿ ಉನ್ನತ ದರ್ಜೆ)

ಮರುಸಮೀಕ್ಷೆಯ ಅಗತ್ಯ

ಈ ದಿಬ್ಬಗಳು ಶಾಶ್ವತವಲ್ಲ. ಬಿರುಗಾಳಿಯಿಂದ ಅಥವಾ ತಳ ಎಳೆಯುವ ಮೀನುಬಲೆಗಳಿಂದ ಒಡೆಯಬಹುದು. ಅನುಕೂಲ ಪರಿಸ್ಥಿತಿಯಲ್ಲಿ ಬೇರೆಡೆ ಬೆಳೆಯಲೂಬಹುದು. ಆದುದರಿಂದ ಯಾವುದೇ ನಕ್ಷೆಯು ಸಮೀಕ್ಷೆ ನಡೆದ ಕಾಲದ ಸ್ಥಿತಿಯನ್ನು ಮಾತ್ರ ತಿಳಿಸುತ್ತದೆ. ಹಳೆಯ ನಕ್ಷೆಯನ್ನೇ ನಂಬಿ ಅಡಿಪಾಯ ಹಾಕಿದಲ್ಲಿ, ಅನಂತರ ಬೆಳೆದ ದಿಬ್ಬವು ನಾಶವಾಗುವ ಸಾಧ್ಯತೆಯಿದೆ. ನಿರ್ಮಾಣಕ್ಕೆ ತುಸು ಮುನ್ನ ಮರುಸಮೀಕ್ಷೆ ನಡೆದಲ್ಲಿ, ಯಂತ್ರದ ಸ್ಥಾನವನ್ನು ಅಥವಾ ಕೇಬಲ್ ಮಾರ್ಗವನ್ನು ಅಲ್ಪ ಪ್ರಮಾಣದಲ್ಲಿ ಬದಲಿಸಿ ಹಾನಿಯನ್ನು ತಪ್ಪಿಸಬಹುದಾಗಿದೆ.

ಇಂಗ್ಲೆಂಡಿನ ಕೆಂಟ್ ಕರಾವಳಿಯಾಚೆ 2010ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಗೊಂಡ ಥಾನೆಟ್ ಯೋಜನೆ (100 ಯಂತ್ರಗಳು, 300 ಮೆಗಾವ್ಯಾಟ್) ಇದಕ್ಕೆ ನಿದರ್ಶನ. ಇಲ್ಲಿ ನಿರ್ಮಾಣದ ಮೊದಲೂ ನಂತರವೂ ಸಮೀಕ್ಷೆ ನಡೆಸಲಾಯಿತು. ಯಂತ್ರಗಳು ಸ್ಥಾಪನೆಯಾದ ನಂತರವೂ ಆ ಪ್ರದೇಶದಲ್ಲಿ ದಿಬ್ಬಗಳಿರುವುದು 2014ರಲ್ಲಿ ಪ್ರಕಟವಾದ ಅಧ್ಯಯನದಿಂದ ತಿಳಿದುಬಂದಿದೆ.

ಸಾರ್ವಜನಿಕರ ಗಮನಕ್ಕೆ

ಇಂಗ್ಲೆಂಡಿನಲ್ಲಿ 100 ಮೆಗಾವ್ಯಾಟ್ ಮೀರಿದ ಕಡಲ ಪವನ ಯೋಜನೆಗಳಿಗೆ 2008ರ ಯೋಜನಾ ಕಾಯ್ದೆಯನ್ವಯ ಅನುಮತಿ ಪಡೆಯಬೇಕು. ಅರ್ಜಿಯೊಂದಿಗಿನ ಪರಿಸರ ವರದಿಯನ್ನು ಸಾರ್ವಜನಿಕರು ಪರಿಶೀಲಿಸಿ, ನಿಗದಿತ ಅವಧಿಯೊಳಗೆ ನೋಂದಾಯಿಸಿಕೊಂಡು ಅಭಿಪ್ರಾಯ ಸಲ್ಲಿಸಬಹುದು. ಹೀಗೆ ಪರಿಶೀಲಿಸುವವರು ನಕ್ಷೆಗೆ ಆಧಾರವಾದ ಸಮೀಕ್ಷೆಯ ದಿನಾಂಕ, ಕ್ಯಾಮೆರಾ ಪರಿಶೀಲನೆ ನಡೆದ ಸ್ಥಳಗಳು ಹಾಗೂ ನಿರ್ಮಾಣಪೂರ್ವ ಮರುಸಮೀಕ್ಷೆಯ ಷರತ್ತು, ಈ ಮೂರು ಅಂಶಗಳನ್ನು ಮುಖ್ಯವಾಗಿ ಗಮನಿಸುವುದು ಸೂಕ್ತ.